ಕೋಲಾಟದ ಕಲಿಕೆ ಮತ್ತು ಕುಣಿತದ ಹಳೆಯ ಕೈಪಿಡಿಗಳು

ತಮಿಳುನಾಡಿನ ಗಡಿಭಾಗದ ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲ ಸುತ್ತಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತು. ಊರಿನವರು ಕೂಡಿ ಆಡುವ ಕುಣಿತಗಳಲ್ಲಿ ಕೋಲಾಟ ಈ ಮೂರು ಭಾಷೆಯವರಿಗೂ ಸೇರಿದ್ದು. ಅದನ್ನು ಕಲಿಯುವುದಕ್ಕೆ ಪುಸ್ತಕ ಬೇಕಿಲ್ಲ. ಹಾಡು ಹೇಳಿಕೊಡುವ ಮೇಷ್ಟ್ರು, ಅವರ ಕೈಯ ತಾಳ, ಎದುರಿಗೊಬ್ಬ ಜೊತೆಗಾರ ಇದ್ದರೆ ಸಾಕು. ಮೊದಲು ನಿಂತಲ್ಲೇ ಕೋಲು ಹೊಡೆಯುವ ಅಭ್ಯಾಸ, ಅದು ಕೈಗೆ ಹತ್ತಿದ ಮೇಲೆ ಹೆಜ್ಜೆ, ಹೆಜ್ಜೆ ಕೂಡಿದ ಮೇಲೆ ಸುತ್ತು. ಹಾಡಿನ ಚರಣ ಬದಲಾದಾಗ ಕುಣಿತದ ವರಸೆಯೂ ಬದಲಾಗುವುದರಿಂದ ಹಾಡು ಬಾಯಿಗೆ ಬಂದವರಿಗೆ ಆಟದ ಕ್ರಮವೂ ನೆನಪಿನಲ್ಲಿ ಉಳಿಯುತ್ತದೆ.

ಹಾಗೆಂದು ಕುಣಿತವನ್ನು ಬರೆದಿಡುವ ರೂಢಿ ದಕ್ಷಿಣದ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ನೃತ್ಯವಿನೋದ ಎಂಬ ಒಂದು ಅಧ್ಯಾಯವೇ ಇದೆ. ಕುಣಿಯುವವರಲ್ಲಿ ಎಷ್ಟು ಬಗೆ, ಯಾವ ಸಂದರ್ಭಕ್ಕೆ ಕುಣಿತ ಏರ್ಪಡಿಸಬೇಕು, ತಲೆ, ಕಣ್ಣು, ಕೈ, ಕಾಲುಗಳ ಚಲನೆ ಹೇಗಿರಬೇಕು ಎಂಬುದನ್ನೆಲ್ಲ ಅದು ವಿವರಿಸುತ್ತದೆ. ಕಾಕತೀಯ ಗಣಪತಿದೇವನ ಆನೆಪಡೆಯ ಅಧಿಕಾರಿ ಜಾಯ ಸೇನಾಪತಿ 1253–54ರಲ್ಲಿ ಬರೆದ ‘ನೃತ್ತರತ್ನಾವಳಿ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ಎಂಟು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಶಾಸ್ತ್ರೀಯವಾದ ಮಾರ್ಗಕ್ಕೆ, ಉಳಿದ ನಾಲ್ಕು ಪ್ರಾದೇಶಿಕವಾದ ದೇಶಿಗೆ ಮೀಸಲು. ರಾಸಕ, ಚರ್ಚರಿ, ಚಿಂದು, ಕಂದುಕ, ಗೊಂಡಲಿ ಮುಂತಾದ ಜನರ ಕುಣಿತಗಳಿಗೆ ಅಲ್ಲಿ ಶಾಸ್ತ್ರದ ಮನ್ನಣೆ ಸಿಕ್ಕಿದೆ. ಗೊಂಡಲಿಯ ಹುಟ್ಟನ್ನೂ ಜಾಯ ಹೇಳುತ್ತಾನೆ: ಕಲ್ಯಾಣದಲ್ಲಿ ಭೂತಮಾತೃ ಉತ್ಸವದ ಹೊತ್ತಿಗೆ ಭಿಲ್ಲ ಹೆಣ್ಣಿನ ವೇಷದ ಕುಣಿತವನ್ನು ಕಂಡ ಸೋಮೇಶ್ವರ ಅದಕ್ಕೆ ಒಂದು ಕ್ರಮ ಕೊಟ್ಟನಂತೆ. ಬೀದಿಯ ಕುಣಿತ ಅರಮನೆಗೆ, ಅರಮನೆಯಿಂದ ಗ್ರಂಥಕ್ಕೆ ಏರಿದ ದಾರಿ ಇದು. ‘ನೃತ್ತರತ್ನಾವಳಿ’ಯನ್ನು ವಿ. ರಾಘವನ್ ಸಂಪಾದಿಸಿ 1965ರಲ್ಲಿ ಮದ್ರಾಸಿನಿಂದ ಹೊರತಂದರು.

ಈ ಎರಡು ಗ್ರಂಥಗಳನ್ನು ಓದಿ ಹೊಸಬನೊಬ್ಬ ಕುಣಿಯಲು ಕಲಿಯಲಾರ. ಗುರುವಿನ ಹತ್ತಿರ ಆಗಲೇ ಕಲಿತವನು ಹೆಸರು, ಲಕ್ಷಣ, ಕ್ರಮಗಳನ್ನು ಮರೆಯದಂತೆ ಮಾಡುವುದು, ತಪ್ಪಿದಾಗ ತಿದ್ದುವುದು, ಸಭೆಯಲ್ಲಿ ಕುಳಿತ ದೊರೆಗೆ ನೋಡುವ ಕಣ್ಣು ಕೊಡುವುದು ಇವುಗಳ ಕೆಲಸ. ಶ್ಲೋಕದ ರೂಪವೇ ಅದಕ್ಕೆ ಸಾಕ್ಷಿ. ಬಾಯಿಪಾಠವಾಗಲೆಂದೇ ಅದನ್ನು ಕಟ್ಟಿದ್ದು.

ಕಲಿಯುವವರ ಕಣ್ಣೆದುರಿಗೇ ಇದ್ದ ಕೈಪಿಡಿಯೊಂದು ವಿಜಯನಗರದಲ್ಲಿತ್ತು. ಅದು ಓಲೆಯದಲ್ಲ, ಗೋಡೆಯದು. ಹೊಸೂರು–ಕೃಷ್ಣಗಿರಿ ಸೀಮೆಯೂ ಆಗ ಅದೇ ಸಾಮ್ರಾಜ್ಯದ ಆಳ್ವಿಕೆಯಲ್ಲಿತ್ತು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಮನೆಯ ಹೆಣ್ಣುಮಕ್ಕಳಿಗೆ ಕುಣಿತ ಕಲಿಸುವ ಶಾಲೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅದು ಉದ್ದನೆಯ, ಅಗಲ ಕಡಿಮೆಯ, ಕಂಬಗಳ ಸಾಲಿರುವ ಮಂಟಪ. ಅಲ್ಲಿನ ಫಲಕಗಳಲ್ಲಿ ಒಂದೊಂದು ಕುಣಿತವೂ ಮುಗಿಯುವಾಗ ನಿಲ್ಲಬೇಕಾದ ಭಂಗಿಯನ್ನು ಕೆತ್ತಲಾಗಿತ್ತು. ಕೊನೆಯ ನಿಲುವು ಮರೆತವಳು ಆ ಕುಣಿತದ ಫಲಕದ ಕಡೆ ನೋಡಿದರೆ ಸಾಕು, ಹೇಗೆ ನಿಲ್ಲಬೇಕೆಂಬುದು ನೆನಪಾಗುತ್ತಿತ್ತು. ಮಂಟಪದ ಒಂದು ತುದಿಯಲ್ಲಿ ಹೆಣ್ಣುಮಕ್ಕಳು ಕೈಯಿಂದ ಆಸರೆ ಹಿಡಿದು ಮೈಕಾಲುಗಳನ್ನು ಸಡಿಲಿಸಿ ಬಳುಕಿಸುವ ಜಾಗವೂ ಇತ್ತು. ಇನ್ನೊಂದು ಕಡೆ ದೊರೆ ಕುಳಿತು ನೋಡುವ ಸ್ಥಳ. ಕುಣಿತದ ಕಲಿಕೆ ದಿನವೂ ಹೇಗೆ ನಡೆಯುತ್ತಿತ್ತು ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಬರಹ ದಕ್ಷಿಣದ ಇತಿಹಾಸದಲ್ಲಿ ಅಪರೂಪ. ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಹಂಪಿಯ ಮಹಾನವಮಿ ದಿಬ್ಬದ ಕೆತ್ತನೆಗಳಲ್ಲಿ ಕೋಲು ಹಿಡಿದು ಕುಣಿಯುವ ಹೆಂಗಸರ ಸಾಲು ಇಂದಿಗೂ ಕಾಣುತ್ತದೆ. ತಮಿಳುನಾಡಿನ ಚಿದಂಬರದ ಗೋಪುರದಲ್ಲಿ ಕರಣಗಳೆಂಬ ನೃತ್ಯಭಂಗಿಗಳ ಶಿಲ್ಪದ ಜೊತೆಗೆ ನಾಟ್ಯಶಾಸ್ತ್ರದ ಶ್ಲೋಕವನ್ನೂ ಕೊರೆದಿದ್ದಾರೆ.

ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಎರಡು ಪುಸ್ತಕಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದವು. ಒಂದು, ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನ ಕನ್ನಡಿಗ ಪುಂಡರೀಕ ವಿಠಲ ಅಕ್ಬರನ ಆಶ್ರಯದಲ್ಲಿ ಬರೆದ ‘ನರ್ತನನಿರ್ಣಯ’. ತಾಳಧಾರಿ, ಮೃದಂಗದವನು, ಗಾಯಕ, ನರ್ತಕ ಎಂದು ನಾಲ್ಕು ಅಧ್ಯಾಯ ಮಾಡಿದ ಪುಂಡರೀಕ, ಪಾರಸಿ ಹಾಡಿಗೆ ಕುಣಿಯುವ ಜಕ್ಕಡಿಯನ್ನೂ ಬಿಡದೆ ಸೇರಿಸಿದ. ಇನ್ನೊಂದು, ಫ್ರಾನ್ಸಿನ ಲಾಂಗ್ರ್ ಪಟ್ಟಣದ ಪಾದ್ರಿಯೊಬ್ಬ ಥ್ವಾನೊ ಆರ್ಬೋ ಎಂಬ ಹೆಸರಿನಲ್ಲಿ 1589ರಲ್ಲಿ ಅಚ್ಚು ಹಾಕಿಸಿದ ‘ಆರ್ಕೆಸೊಗ್ರಫಿ’. ಅದು ಗುರು–ಶಿಷ್ಯರ ಮಾತುಕತೆಯ ರೂಪದಲ್ಲಿದೆ. ಸ್ವರದ ಪಕ್ಕದಲ್ಲೇ ಆ ಸ್ವರಕ್ಕೆ ಇಡಬೇಕಾದ ಹೆಜ್ಜೆಯ ಹೆಸರಿದೆ. ಪ್ಲೇಫೋರ್ಡ್ ಎಂಬ ಪ್ರಕಾಶಕ 1651ರಲ್ಲಿ ಲಂಡನ್ನಿನಲ್ಲಿ ನೂರಕ್ಕೂ ಹೆಚ್ಚು ಕುಣಿತಗಳ ಕೈಪಿಡಿ ಹೊರತಂದ. ಫ್ರಾನ್ಸಿನ ನೃತ್ಯಗುರು ಫೋಯೆ 1700ರಲ್ಲಿ ಪಾದದ ಜಾಡನ್ನೇ ರೇಖೆಯಲ್ಲಿ ಬರೆಯುವ ಲಿಪಿ ಪ್ರಕಟಿಸಿದ. ಯುರೋಪಿನಲ್ಲಿ ಇಂಥ ಪುಸ್ತಕವನ್ನು ಮನೆಗೆ ಕೊಂಡೊಯ್ದು ಓದುವ ಗಿರಾಕಿಯಿದ್ದ, ಅಚ್ಚುಕೂಟವಿತ್ತು. ಪುಂಡರೀಕನ ಓದುಗ ಆಸ್ಥಾನದಲ್ಲಿದ್ದ. ಎರಡರ ನಡುವಿನ ಅಂತರ ಪಾಂಡಿತ್ಯದ್ದಲ್ಲ, ಓದುಗರದ್ದು.

ಕೃಷ್ಣಗಿರಿ ಸೇರಿದ್ದ ಬಾರಾಮಹಲ್ 1792ರಲ್ಲಿ, ಹೊಸೂರು ಭಾಗ 1799ರಲ್ಲಿ ಮೈಸೂರಿನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದವು. ಆಳ್ವಿಕೆ ಬದಲಾದರೂ ಕೋಲಾಟ ಕಲಿಯುವ ಕ್ರಮ ಬದಲಾಗಲಿಲ್ಲ. ಅಚ್ಚಿನ ಕಾಲ ಬಂದಾಗ ಕೋಲಾಟದ ಪದಗಳ ಪುಸ್ತಕಗಳೂ ಬಂದವು. ಅವುಗಳಲ್ಲಿ ಹಾಡಿನ ಸಾಹಿತ್ಯವಿದೆ, ಹೆಜ್ಜೆಯಿಲ್ಲ.

ಆ ಕೊರತೆ ಎಷ್ಟು ದೊಡ್ಡದು ಎಂಬುದನ್ನು ತಿಳಿಯಲು ಜಡೆಕೋಲಾಟವೊಂದನ್ನು ನೋಡಿದರೆ ಸಾಕು. ಮೇಲೆ ಕಟ್ಟಿದ ಬಣ್ಣದ ಹಗ್ಗಗಳ ಒಂದೊಂದು ತುದಿ ಒಬ್ಬೊಬ್ಬರ ಕೈಯಲ್ಲಿ. ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ ಹೊರಟು, ಎದುರಾದವರನ್ನು ಒಮ್ಮೆ ಒಳಗಿನಿಂದ, ಒಮ್ಮೆ ಹೊರಗಿನಿಂದ ದಾಟುತ್ತಾರೆ. ಮೇಲೆ ಜಡೆ ಹೆಣೆಯುತ್ತ ಬರುತ್ತದೆ. ಪೂರ್ತಿ ಹೆಣೆದ ಮೇಲೆ ಅದೇ ಹೆಜ್ಜೆಗಳನ್ನು ತಿರುಗುಮುರುಗಾಗಿ ಇಟ್ಟು ಬಿಚ್ಚಬೇಕು. ಒಬ್ಬರು ಒಳಗೆ ಹೋಗುವಲ್ಲಿ ಹೊರಗೆ ಹೋದರೂ ಹಗ್ಗ ಗಂಟು ಬೀಳುತ್ತದೆ. ಹಾಡಿನ ಸಾಲು ಓದಿದವರಿಗೆ ಇದರ ಗುಟ್ಟು ಸಿಗುವುದಿಲ್ಲ. ಗಡಿಭಾಗದ ಕೋಲಾಟದ ಪದಗಳನ್ನು ಸಂಗ್ರಹಿಸುವವರು ಮೇಷ್ಟ್ರು ಇರುವಾಗಲೇ ಪ್ರತಿ ಚರಣದ ಪಕ್ಕದಲ್ಲಿ ಹೆಜ್ಜೆ, ಸುತ್ತು, ಕೋಲಿನ ಪೆಟ್ಟುಗಳನ್ನೂ ಬರೆದುಕೊಳ್ಳಬೇಕು.