'ನನ್ನದೇ ತಪ್ಪು ಸರ್': ಟೇಬಲ್ ಗರಗಸದ ಇನ್ನೂರೈವತ್ತು ವರ್ಷ

ಹೋದ ವರ್ಷ ಪುಣೆಯ ನಮ್ಮ ಫ್ಲಾಟಿನಲ್ಲಿ ಮರಗೆಲಸ ನಡೀತಿತ್ತು. ಒಂದು ಶನಿವಾರ ಹೋಗಿ ನೋಡ್ತೀನಿ, ಕೈಯಲ್ಲಿ ಹಿಡಿದು ಓಡಿಸುವ ಕಟ್ಟರ್ ಮಶೀನನ್ನು ತಲೆಕೆಳಗು ಮಾಡಿ ಪ್ಲೈವುಡ್ ಹಲಗೆಯ ಅಡಿಗೆ ಬಿಗಿದಿದ್ರು. ಹಲಗೆಯ ಸೀಳಿನಿಂದ ಬ್ಲೇಡು ಮೇಲೆ ಬಂದು ತಿರುಗ್ತಿತ್ತು. ಗಾರ್ಡ್ ಇಲ್ಲ. ಮಶೀನಿನ ಸ್ವಿಚ್ಚಿಗೆ ದಾರ ಸುತ್ತಿ, ಗೋಡೆಯ ಪ್ಲಗ್ಗಿನಿಂದಲೇ ಆನ್-ಆಫ್. ಮರ ತಳ್ಳುತ್ತಿದ್ದ ಮೇಸ್ತ್ರಿಯ ಎಡಗೈ ತೋರುಬೆರಳು ಅರ್ಧವೇ ಇತ್ತು. ಕೇಳಿದೆ. "ಹತ್ತು ವರ್ಷ ಆಯ್ತು. ನನ್ನದೇ ತಪ್ಪು ಸರ್" ಅಂದ್ರು.

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ನಿಜಕ್ಕೂ ಅವರದೇ ತಪ್ಪಾ? ಇವತ್ತಿನ ಮಾತು ಅದರ ಬಗ್ಗೆ.

ದುಂಡು ಗರಗಸವನ್ನು 1813ರಲ್ಲಿ ಅಮೆರಿಕದ ಟಬಿತಾ ಬ್ಯಾಬಿಟ್ ಎಂಬ ಮಹಿಳೆ ಕಂಡುಹಿಡಿದರು ಅನ್ನೋ ಕಥೆ ನಿಮ್ಮ ವಾಟ್ಸಾಪಿಗೂ ಬಂದಿರಬಹುದು. ಆದರೆ 1777ರಲ್ಲೇ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಪಡೆದ ಪೇಟೆಂಟಿನಲ್ಲಿ ದುಂಡು ಗರಗಸದ ಪ್ರಸ್ತಾಪ ಇದೆ. ಅದಕ್ಕೆ ದೊಡ್ಡ ಕೆಲಸ ಕೊಟ್ಟಿದ್ದು ಬ್ರಿಟಿಷ್ ನೌಕಾಪಡೆ. ಹಾಯಿಹಡಗಿನ ಹಗ್ಗ ಎಳೆಯೋಕೆ ಮರದ ರಾಟೆಗಳು ಬೇಕು, ಒಂದೊಂದು ಯುದ್ಧನೌಕೆಗೆ ನೂರಾರು. 1800ರ ದಶಕದ ಮೊದಲ ವರ್ಷಗಳಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಮಾರ್ಕ್ ಬ್ರುನೆಲ್ ರೂಪಿಸಿದ ಯಂತ್ರಗಳು ಬಂದವು. 110 ಕುಶಲಕರ್ಮಿಗಳ ಕೆಲಸವನ್ನು ಹೆಚ್ಚು ಪಳಗದ 10 ಜನ ಮಾಡಬಹುದಾಯ್ತು ಅಂತ ಆಗಿನ ಲೆಕ್ಕ. ಇದನ್ನ ಗಮನಿಸಿ. ಕೈಗರಗಸದ ವೇಗ ಕೆಲಸಗಾರನ ತೋಳಿನಲ್ಲಿತ್ತು, ಅವನು ನಿಲ್ಲಿಸಿದರೆ ಅದೂ ನಿಲ್ತಿತ್ತು. ಈಗ ವೇಗ ಯಂತ್ರದ ಕೈಗೆ ಹೋಯ್ತು, ಬೆರಳು ಮಾತ್ರ ಮನುಷ್ಯನದೇ ಉಳೀತು.

ಎಷ್ಟು ವೇಗ? ಹತ್ತು ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಓಡ್ತಿರತ್ತೆ. ನಮ್ಮ ಕಡೆ ಇರುವ ಹಲ್ಲುಗಳು ಮರವನ್ನು ಕೆಳಕ್ಕೆ ಒತ್ತುತ್ತವೆ, ಹಿಂದಿನ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಕೊಯ್ದ ಸೀಳು ಬಿಗಿದುಕೊಂಡು ಮರ ಆ ಹಿಂದಿನ ಹಲ್ಲಿಗೆ ಸಿಕ್ಕಿತೋ, ಹಲಗೆ ಎದ್ದು ನಮ್ಮ ಮೇಲೇ ಎರಗತ್ತೆ. ಇದಕ್ಕೆ ಕಿಕ್‌ಬ್ಯಾಕ್ ಅಂತಾರೆ. ತಳ್ಳುತ್ತಿದ್ದ ಕೈ ಆಯ ತಪ್ಪಿ ಬ್ಲೇಡಿನ ಮೇಲೆ ಬೀಳೋದೂ ಈ ಗಳಿಗೆಯಲ್ಲೇ.

ಇದಕ್ಕೆ ಪರಿಹಾರ ಏನು ಗೊತ್ತಾ? ಬ್ಲೇಡಿನ ಬೆನ್ನಿಗೇ ನಿಲ್ಲಿಸುವ ಒಂದು ತೆಳ್ಳನೆಯ ಉಕ್ಕಿನ ಪಟ್ಟಿ. ಅದರ ಹೆಸರು ರೈವಿಂಗ್ ನೈಫ್. ಅದು ಸೀಳು ಮುಚ್ಚಿಕೊಳ್ಳದಂತೆ ತಡೆಯತ್ತೆ. ಮೇಲೊಂದು ಗಾರ್ಡ್, ಕೈಯ ಬದಲು ಮರ ತಳ್ಳೋಕೆ ಒಂದು ಪುಶ್ ಸ್ಟಿಕ್. ಇಷ್ಟೇ. ಇವು ಇರಲೇಬೇಕು ಅಂತ ಬ್ರಿಟನ್ 1922ರಲ್ಲೇ ಮರಗೆಲಸ ಯಂತ್ರಗಳ ನಿಯಮದಲ್ಲಿ ಬರೆದಿತ್ತು. ನಮ್ಮಲ್ಲೂ 1948ರ ಫ್ಯಾಕ್ಟರಿ ಕಾಯ್ದೆಯ ಕೆಳಗೆ ರಾಜ್ಯಗಳು ಮಾಡಿದ ನಿಯಮಗಳಲ್ಲಿ ಇದೇ ಮಾತು ಇತ್ತು. ಆದರೆ ಆ ಕಾಯ್ದೆಯ ಪ್ರಕಾರ ಕರೆಂಟ್ ಬಳಸುವ ಜಾಗ ಫ್ಯಾಕ್ಟರಿ ಅನ್ನಿಸಿಕೊಳ್ಳೋಕೆ ಸಾಮಾನ್ಯವಾಗಿ ಹತ್ತು ಜನ ಕೆಲಸಗಾರರು ಬೇಕಿತ್ತು. ನಮ್ಮ ಫ್ಲಾಟಿನಲ್ಲಿ ಇದ್ದದ್ದು ಮೂರು ಜನ.

ಅಮೆರಿಕದಲ್ಲಿ ಇನ್ನೊಂದು ಕಥೆ. ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ಪೇಟೆಂಟ್ ವಕೀಲರಾಗಿದ್ದ ಸ್ಟೀವ್ ಗ್ಯಾಸ್, 1999ರ ಸುಮಾರಿಗೆ ಒಂದು ಯೋಚನೆ ಮಾಡಿದ್ರು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಿಗ್ನಲ್ ಇಡೋದು. ಒಣಮರ ತಾಗಿದರೆ ಅದು ಹೆಚ್ಚು ಬದಲಾಗಲ್ಲ, ಬೆರಳು ತಾಗಿದರೆ ಬದಲಾಗತ್ತೆ. ತಕ್ಷಣ ಅಲ್ಯೂಮಿನಿಯಂ ತುಂಡೊಂದು ಹಲ್ಲಿಗೆ ಸಿಡಿದು, ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲತ್ತೆ. ಮೊದಲು ಸಾಸೇಜ್ ಇಟ್ಟು ನೋಡಿದ್ರು, ಆಮೇಲೆ ತಮ್ಮ ಬೆರಳನ್ನೇ ಇಟ್ಟರು! ದೊಡ್ಡ ಕಂಪನಿಗಳ ಜೊತೆ ಲೈಸೆನ್ಸ್ ಮಾತುಕತೆ ಮಾತ್ರ ಕೂಡಿಬರಲಿಲ್ಲ. ಬೆಲೆ ಏರತ್ತೆ, ಎಲ್ಲರೂ ಒಬ್ಬರ ಪೇಟೆಂಟಿಗೆ ಕಟ್ಟುಬೀಳಬೇಕಾಗತ್ತೆ ಅನ್ನೋದು ಅವುಗಳ ವಾದ. ಅದನ್ನ ಪೂರ್ತಿ ತಳ್ಳಿಹಾಕೋಕೂ ಆಗಲ್ಲ. 2004ರಲ್ಲಿ ಗ್ಯಾಸ್ 'ಸಾಸ್ಟಾಪ್' ಹೆಸರಿನಲ್ಲಿ ತಾವೇ ಗರಗಸ ಮಾರಾಟಕ್ಕಿಳಿದರು. ಎಲ್ಲ ಗರಗಸಕ್ಕೂ ಇಂಥ ರಕ್ಷಣೆ ಕಡ್ಡಾಯವಾಗಲಿ ಅಂತ 2003ರಲ್ಲೇ ಸರ್ಕಾರಕ್ಕೆ ಅರ್ಜಿ ಕೊಟ್ಟಿದ್ರು. ಇಪ್ಪತ್ತು ವರ್ಷ ಆದಮೇಲೆ, 2023ರಲ್ಲೂ, ಅದು ಕರಡು ನಿಯಮವಾಗಿಯೇ ಇತ್ತು.

ಅಂದ್ರೆ ಏನಾಯ್ತು? ಬೆರಳು ಉಳಿಸೋದು ಹೇಗೆ ಅನ್ನೋದು ನೂರು ವರ್ಷದಿಂದ ಗೊತ್ತು. ಅದರ ಖರ್ಚು ಯಾರು ಕೊಡಬೇಕು ಅನ್ನೋದು ಮಾತ್ರ ಇತ್ಯರ್ಥ ಆಗಿಲ್ಲ. ಆಗದೇ ಇದ್ದಾಗ ಮರ ತಳ್ಳುವವನೇ ಕೊಡ್ತಾನೆ, ಕೊಟ್ಟಮೇಲೆ ನನ್ನದೇ ತಪ್ಪು ಅಂತಾನೆ.

ಮತ್ತೆ ನಮ್ಮ ಮನೆಗೆ ಬರೋಣ. ಗಾರ್ಡ್ ಯಾಕೆ ತೆಗೆದ್ರಿ ಅಂತ ಕೇಳಿದ್ದಕ್ಕೆ ಮೇಸ್ತ್ರಿ, "ನಿಮ್ಮ ಪೂಜೆಯ ತಾರೀಖಿಗೆ ಮುಗೀಬೇಕಲ್ಲ ಸರ್?" ಅಂದ್ರು. ಆ ತಾರೀಖು ಇಟ್ಟವನು ನಾನು. ಆಫೀಸಿನಲ್ಲಿ ಯಾರಾದರೂ ಟೆಸ್ಟಿಂಗ್ ಬಿಟ್ಟು ರಿಲೀಸ್ ಮಾಡಿ ಅಂದ್ರೆ ನಾನೇ ಮೇಲ್ ಮೇಲೆ ಮೇಲ್ ಹಾಕ್ತೀನಿ. ಇಲ್ಲಿ ಅದನ್ನೇ ಕೇಳಿದ್ದು ನಾನು. ಗೃಹಪ್ರವೇಶ ಮೂರು ವಾರ ಮುಂದಕ್ಕೆ ಹೋಯ್ತು, ಅಮ್ಮ ಬೈದರು. ಉಳಿದ ಹಲಗೆಗಳನ್ನು ಪ್ಲೈವುಡ್ ಅಂಗಡಿಯ ದೊಡ್ಡ ಪ್ಯಾನೆಲ್ ಗರಗಸದಲ್ಲಿ ಅಳತೆಗೆ ಕೊಯ್ಸಿ ತರಿಸಿದ್ವಿ. ಸ್ವಲ್ಪ ದುಡ್ಡು ಜಾಸ್ತಿ ಆಯ್ತು.

ನಿಮ್ಮ ಮನೇಲೂ ಕೆಲಸ ನಡೀತಿದ್ರೆ ಒಮ್ಮೆ ಹೋಗಿ ನೋಡಿ. ಮಶೀನು ತಲೆಕೆಳಗಾಗಿದ್ಯಾ? ಗಾರ್ಡ್ ಇದ್ಯಾ? ಕೈಗವಸು ಹಾಕಿದ್ದಾರಾ? ಹಾಕಿದ್ರೆ ತೆಗೆಸಿ, ಬ್ಲೇಡು ಅದನ್ನ ಕೈ ಸಮೇತ ಎಳ್ಕೊಳ್ಳತ್ತೆ. ಮೇಸ್ತ್ರಿಗೆ ಬುದ್ಧಿ ಹೇಳೋಕೆ ಮುಂಚೆ ಒಂದು ಕೆಲಸ ಮಾಡಿ. ನೀವು ಕೊಟ್ಟ ತಾರೀಖನ್ನ ಇನ್ನೊಂದು ಸಲ ನೋಡಿಕೊಳ್ಳಿ.

ಮುಂದಿನ ವಾರ ಸಿಗೋಣ.