ತಡವಾಗಿ ಬಂದ ಒಂದು ಪರ್ಸೆಂಟು

ಪೀಣ್ಯದ ಶೆಡ್ಡುಗಳಲ್ಲಿ ಜಿಗ್ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಿಡಿಭಾಗವನ್ನು ಅದರೊಳಗೆ ಕೂರಿಸಿ ಡ್ರಿಲ್ ಇಳಿಸಿದರೆ ತೂತು ಬೀಳಬೇಕಾದ ಜಾಗದಲ್ಲೇ ಬೀಳುತ್ತದೆ. ಪ್ರತಿ ಸಲ ಅಳತೆ ಹಿಡಿಯುವ, ಗುರುತು ಹಾಕುವ ಗೋಜಿಲ್ಲ. ಎಚ್‌ಎಂಟಿ, ಬಿಇಎಲ್‌ನಂಥ ಕಾರ್ಖಾನೆಗಳು 1950ರ ದಶಕದಿಂದ ಬೆಂಗಳೂರಿನಲ್ಲಿ ಬೆಳೆಸಿದ ಈ ಶಿಸ್ತು, ಮುಂದೆ ಪೀಣ್ಯದ ಜಾಬ್ ವರ್ಕಿಗೂ ಇಳಿದು ಬಂತು. ಕಷ್ಟದ ಕೆಲಸವನ್ನು ಸಣ್ಣ ಹಂತಗಳಾಗಿ ಒಡೆಯುವುದು, ತಪ್ಪೇ ಆಗದಂತೆ ಸಲಕರಣೆ ಕಟ್ಟುವುದು ಇದರ ತಿರುಳು. ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರಿಗೆ ಕೆಲಸ ಕಲಿಸಲು ಬೇಕಾದ ವಿದ್ಯೆಯೂ ಇದೇ. ಅದು ಕೈಯಲ್ಲಿದ್ದೂ ಅವರನ್ನು ಕಾರ್ಖಾನೆಯ ಗೇಟಿನಾಚೆ ನಿಲ್ಲಿಸಿದ್ದು ನಮ್ಮ ರೂಢಿ ಮತ್ತು ಕಾನೂನು ಎಂಬುದು ನನ್ನ ವಾದ.

ಇವರಿಗೆ ಕಲಿಸಬಹುದೆಂಬುದಕ್ಕೆ ಪುರಾವೆ ಹಳೆಯದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್, ಇಂಥ ಕೆಲಸ ಇವರಿಂದಾಗದು ಎಂದು ಕೈಬಿಡಲಾಗಿದ್ದವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿ ತೋರಿಸಿದರು. ಒಬ್ಬರು ಕಲಿಯಲಿಲ್ಲವೆಂದರೆ ಕಲಿಸುವ ಬಗೆ ಬದಲಿಸಬೇಕೆಂಬುದು ಅವರ ಪಟ್ಟು. ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ 1978ರಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದಾಗ ಈ ಪ್ರಯೋಗ ಲೋಕಕ್ಕೆ ಗೊತ್ತಾಗಿತ್ತು. ನಮ್ಮಲ್ಲಿ ಮಾತ್ರ ಇವರ ಪಾಲಿಗಿದ್ದದ್ದು ಮೇಣದಬತ್ತಿ, ಕಾಗದದ ಕವರು ಮಾಡುವ ಪ್ರತ್ಯೇಕ ಕಾರ್ಯಾಗಾರಗಳು. ತಂದೆತಾಯಂದಿರೂ ಶಿಕ್ಷಕರೂ ಹೊಟ್ಟೆಬಟ್ಟೆ ಕಟ್ಟಿ ನಡೆಸಿದ ಆ ಜಾಗಗಳ ಬಗ್ಗೆ ನನಗೆ ಗೌರವವಿದೆ. ಆದರೆ ‘ಮೊದಲು ತಯಾರಾಗಲಿ, ಆಮೇಲೆ ಕೆಲಸ’ ಎಂಬ ಅಲ್ಲಿನ ನಿಯಮದಿಂದ ತಯಾರಿಗೇ ಆಯುಷ್ಯ ಸವೆಯುತ್ತಿತ್ತು. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆಯೂ ಕೈ ಹಿಡಿಯಲಿಲ್ಲ. ಬುದ್ಧಿಮಾಂದ್ಯವನ್ನು ಅಂಗವೈಕಲ್ಯವೆಂದು ಒಪ್ಪಿಕೊಂಡ ಅದೇ ಕಾಯ್ದೆ, ಸರ್ಕಾರಿ ಹುದ್ದೆಗಳ ಶೇ 3 ಮೀಸಲಾತಿಯನ್ನು ದೃಷ್ಟಿ, ಶ್ರವಣ ಮತ್ತು ಚಲನೆಯ ತೊಂದರೆ ಇದ್ದವರಿಗಷ್ಟೇ ಹಂಚಿತು. 2016ರ ಕಾಯ್ದೆ ಅದನ್ನು ಶೇ 4ಕ್ಕೆ ಏರಿಸಿದಾಗಲೇ, ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ಅಂಗವೈಕಲ್ಯದವರ ಜೊತೆ ಸೇರಿಸಿ ಇವರಿಗೂ ಒಂದು ಪರ್ಸೆಂಟು ಸಿಕ್ಕಿತು.

ವೇಗ ಸಾಲದು, ಮಷೀನಿನ ಬಳಿ ಅಪಾಯ ಎನ್ನುವವರಿದ್ದಾರೆ. ಅಪಾಯದ ಮಾತು ನಿಜ. ಅದಕ್ಕೇ ಗಾರ್ಡ್, ಸೆನ್ಸರ್ ಇರುವುದು, ಅವು ಎಲ್ಲ ಕೆಲಸಗಾರರಿಗೂ ಬೇಕು. ವೇಗದ ಪ್ರಶ್ನೆಗೆ ಪ್ಯಾಕಿಂಗ್ ಮೇಜನ್ನೇ ನೋಡಬಹುದು: ಹತ್ತು ಗುಳಿಗಳ ಹಲಗೆಯ ಮೇಲೆ ಗುಳಿಗೊಂದು ಸ್ಕ್ರೂ ಇಟ್ಟು, ತುಂಬಿದ ಮೇಲೆ ಪೊಟ್ಟಣಕ್ಕೆ ಸುರಿದರೆ ಎಣಿಕೆ ಬಾರದವರ ಲೆಕ್ಕವೂ ತಪ್ಪುವುದಿಲ್ಲ, ಎಣಿಸುವ ಹೊತ್ತೂ ಉಳಿಯುತ್ತದೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಒಂದೇ ಕೆಲಸಕ್ಕೆ ಕಟ್ಟಿಹಾಕಿ ಕಡಿಮೆ ಕೂಲಿಗೆ ದುಡಿಸಿಕೊಂಡಾರು ಎಂಬ ಭಯ. ಹಾಗಾಗದಿರಲು ಮೊದಲ ದಿನದಿಂದಲೇ ಕನಿಷ್ಠ ವೇತನ ಸಿಗಬೇಕು, ಒಂದು ಕೆಲಸ ಕೈಗೆ ಹತ್ತಿದ ಮೇಲೆ ಇನ್ನೊಂದನ್ನು ಕಲಿಸಬೇಕು. ಆತ್ಮವಿಶ್ವಾಸವನ್ನು ತರಗತಿಯಲ್ಲಿ ಮೊದಲೇ ತುಂಬಿ ಕಳಿಸಲಾಗದು. ಕೊರಳಿನ ಐಡಿ ಕಾರ್ಡು, ತನ್ನದೇ ಖಾತೆಗೆ ಬಿದ್ದ ಸಂಬಳ ಅದನ್ನು ತರುತ್ತವೆ. 2017ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಶುರುವಾದ ಮಿಟ್ಟಿ ಕೆಫೆ ಇಂದು ಬೆಂಗಳೂರಿನ ಐಟಿ ಆವರಣಗಳಲ್ಲೂ ಇಂಥವರೂ ಸೇರಿದಂತೆ ಅಂಗವೈಕಲ್ಯವಿರುವವರ ಕೈಯಿಂದಲೇ ನಡೆಯುತ್ತಿದೆ. ಕೆಫೆಯ ಕೌಂಟರಿನಲ್ಲಿ ಆದದ್ದು ಪ್ಯಾಕಿಂಗ್ ಮೇಜಿನಲ್ಲಿ ಆಗದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಆ ಒಂದು ಪರ್ಸೆಂಟು ಸರ್ಕಾರಿ ಹುದ್ದೆಗಳಿಗೆ ಮಾತ್ರ ಸೇರಿದ್ದು. ಖಾಸಗಿಯವರಿಗೆ ಕಾಯ್ದೆ ಹೇಳುವುದು ಬರಿಯ ಪ್ರೋತ್ಸಾಹಧನದ ಮಾತು. ಹಾಗಾಗಿ ಪೀಣ್ಯದ ಮಾಲೀಕರಲ್ಲಿ ಒಂದು ಕೋರಿಕೆ: ಮುಂದಿನ ಜಿಗ್ ಮಾಡಿಸುವಾಗ ಇವರ ಕೈಗೂ ಒಗ್ಗುವಂತೆ ಮಾಡಿಸಿ, ಪಕ್ಕದಲ್ಲೊಬ್ಬ ಅನುಭವಿ ಕೆಲಸಗಾರರನ್ನು ನಿಲ್ಲಿಸಿ, ಕೆಲವು ತಿಂಗಳು ಕೊಟ್ಟು ನೋಡಿ.