ಸ್ಯಾನ್ ಫ್ರಾನ್ಸಿಸ್ಕೋ ನಗರದ ಕೇರಿಗಳು

ಅಮೇರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮ ತೀರದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋ ನಗರವು ಮೂರು ಕಡೆ ನೀರಿನಿಂದ ಸುತ್ತುವರಿದ ಭೂಭಾಗವೊಂದರ ತುದಿಯಲ್ಲಿ, ಹತ್ತಾರು ಗುಡ್ಡಗಳ ಮೇಲೆ ಹಬ್ಬಿಕೊಂಡಿರುವುದು. ಪಶ್ಚಿಮಕ್ಕೆ ಶಾಂತಸಾಗರ, ಪೂರ್ವಕ್ಕೆ ವಿಶಾಲವಾದ ಕೊಲ್ಲಿ, ಉತ್ತರಕ್ಕೆ ಇವೆರಡನ್ನೂ ಕೂಡಿಸುವ ಗೋಲ್ಡನ್ ಗೇಟ್ ಜಲಸಂಧಿ. ಆ ಜಲಸಂಧಿಯ ಮೇಲೆ 1937ರಲ್ಲಿ ತೆರೆದ ತೂಗುಸೇತುವೆಯನ್ನು ನೋಡಿದೊಡನೆ ನಗರವನ್ನೇ ನೋಡಿದಂತಾಯಿತೆಂದು ತೃಪ್ತರಾಗುವ ಯಾತ್ರಿಕರುಂಟು. ಆದರೆ ಅದರ ಚರಿತ್ರೆಯನ್ನರಿಯಬೇಕೆನ್ನುವವರು ಕೇರಿ ಕೇರಿಗಳಲ್ಲಿ ನಡೆಯಬೇಕು. ಯಾವ ಕೇರಿಯಲ್ಲಿ ನಿಂತರೂ ಒಂದು ಪ್ರಶ್ನೆಯು ಎದುರಾಗುವುದು: ಈ ನೆಲದಿಂದ ಯಾರನ್ನು ಎಬ್ಬಿಸಿದರು? ಎಬ್ಬಿಸಬಂದಾಗ ಯಾರು ಕದಲದೆ ನಿಂತರು?

ಕೇರಿಗಳಲ್ಲಿ ಪ್ರಾಚೀನವಾದುದು ಮಿಷನ್ ಕೇರಿ. 1776ರಲ್ಲಿ ಸ್ಪೇನಿನ ಫ್ರಾನ್ಸಿಸ್ಕನ್ ಪಾದ್ರಿಗಳು ಇಲ್ಲಿ ತಮ್ಮ ಮಠವನ್ನು ಸ್ಥಾಪಿಸಿದರು. 1791ರಲ್ಲಿ ಮುಗಿದ ಅವರ ಇಗರ್ಜಿಯು ಮಿಷನ್ ಡೊಲೊರೆಸ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ಹಸಿ ಇಟ್ಟಿಗೆಯ ಈ ಕಟ್ಟಡವನ್ನು ಕಟ್ಟಿದ ಕೈಗಳು ಓಲೋನಿ ಮೊದಲಾದ ಮೂಲನಿವಾಸಿಗಳವು. ಒಳಮಾಳಿಗೆಯ ತೊಲೆಗಳ ಮೇಲೆ ಅವರ ಬುಟ್ಟಿ ಹೆಣಿಗೆಯ ಚಿತ್ತಾರವಿರುವುದು. ಹೊರಗಿನಿಂದ ಬಂದ ರೋಗಗಳು ಅವರನ್ನು ಹಿಂಡುಹಿಂಡಾಗಿ ಕೊಂದವು. ಪಕ್ಕದ ಸ್ಮಶಾನದ ನೆಲದಲ್ಲಿ ಹೆಸರಿನ ಕಲ್ಲಿಲ್ಲದೆ ಮಲಗಿರುವವರು ಸಾವಿರಾರು ಮಂದಿ. ಈಗ ಈ ಕೇರಿಯು ಮೆಕ್ಸಿಕೋ ಮತ್ತು ಮಧ್ಯ ಅಮೇರಿಕಾ ಮೂಲದ ಜನರ ಬಾಳಿನಿಂದಲೂ, ಗೋಡೆಗಳ ಮೇಲಿನ ಅವರ ಬಣ್ಣದ ಚಿತ್ರಗಳಿಂದಲೂ ಪ್ರಸಿದ್ಧವಾಗಿದೆ.

ಇಲ್ಲಿಂದ ಈಶಾನ್ಯಕ್ಕೆ, ನಗರವನ್ನು ಓರೆಯಾಗಿ ಸೀಳುವ ಮಾರ್ಕೆಟ್ ಬೀದಿಯನ್ನು ಹಿಡಿದು ನಡೆದರೆ ವರ್ತಕರ ಹಾಗೂ ಬ್ಯಾಂಕುಗಳ ಕೇರಿಯು ಸಿಕ್ಕುವುದು. ಮೆಕ್ಸಿಕೋ ದೇಶದ ಆಳ್ವಿಕೆಯಲ್ಲಿ ಯೆರ್ಬಾ ಬುಯೆನಾ ಎಂಬ ಪುಟ್ಟ ಹಳ್ಳಿಯಾಗಿದ್ದ ಇದನ್ನು 1846ರಲ್ಲಿ ಅಮೇರಿಕನ್ನರು ವಶಪಡಿಸಿಕೊಂಡರು. ಮರುವರ್ಷ ಅದಕ್ಕೆ ಈಗಿನ ಹೆಸರಾಯಿತು. 1848ರ ಜನವರಿಯಲ್ಲಿ ಒಳನಾಡಿನ ಕೊಲೋಮಾದಲ್ಲಿ ಚಿನ್ನವು ಕಾಣಿಸಿತು. ಸುಮಾರು ಒಂದು ಸಾವಿರವಿದ್ದ ಜನಸಂಖ್ಯೆಯು 1849ರ ಕೊನೆಗೆ ಇಪ್ಪತ್ತೈದು ಸಾವಿರದ ಹತ್ತಿರ ಬಂದಿತು. ಬಂದ ಹಡಗುಗಳ ನಾವಿಕರೂ ಗಣಿಗಳಿಗೆ ಓಡಿಹೋದುದರಿಂದ ನೂರಾರು ಹಡಗುಗಳು ಅನಾಥವಾಗಿ ನಿಂತವು. ಕೆಲವನ್ನು ಉಗ್ರಾಣಗಳಾಗಿಯೂ ವಸತಿಗೃಹಗಳಾಗಿಯೂ ಬಳಸಿದರು. ಬಳಿಕ ಅವುಗಳ ಸುತ್ತ ಮಣ್ಣು ತುಂಬಿ ನೀರನ್ನೇ ನೆಲಮಾಡಿದರು. ಇಂದಿನ ಗಗನಚುಂಬಿ ಕಟ್ಟಡಗಳಿಗೆ ಪಾಯ ತೋಡುವಾಗ ಆ ಹಡಗುಗಳ ಮರದ ಒಡಲು ಆಗಾಗ ಬೆಳಕಿಗೆ ಬಂದಿದೆ.

ಹೀಗೆ ಆತುರದಿಂದ ಬೆಳೆದ ನಗರವು 1906ನೆಯ ಏಪ್ರಿಲ್ 18ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ನಡುಗಿತು. ಮಣ್ಣು ತುಂಬಿದ ನೆಲದ ಮೇಲಣ ಮನೆಗಳು ಎಲ್ಲಕ್ಕಿಂತ ಹೆಚ್ಚಾಗಿ ನೆಲಕಚ್ಚಿದವು. ನೀರಿನ ಕೊಳವೆಗಳು ಒಡೆದುಹೋದುದರಿಂದ ಅನಂತರ ಎದ್ದ ಬೆಂಕಿಯನ್ನು ನಂದಿಸುವ ಉಪಾಯವಿಲ್ಲದಾಯಿತು. ಮೂರು ದಿನಗಳಿಗೂ ಮೀರಿ ಉರಿದ ಅಗ್ನಿಯಲ್ಲಿ ಇಪ್ಪತ್ತೆಂಟು ಸಾವಿರ ಕಟ್ಟಡಗಳು ನಾಶವಾದವು. ನಾಲ್ಕು ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಿಲ್ಲದವರಾದರು. ಮಿಷನ್ ಕೇರಿಯ ಮೇಲ್ಭಾಗದಲ್ಲಿ, 20ನೆಯ ಬೀದಿಯೂ ಚರ್ಚ್ ಬೀದಿಯೂ ಕೂಡುವಲ್ಲಿ, ಒಂದು ನಲ್ಲಿಯಲ್ಲಿ ಮಾತ್ರ ನೀರು ಬರುತ್ತಿತ್ತು. ಆ ನೀರಿನಿಂದಲೇ ಜನರು ಬೆಂಕಿಯನ್ನು ಅಲ್ಲಿಗೆ ತಡೆದರು. ಪ್ರತಿವರ್ಷ ಏಪ್ರಿಲ್ 18ರಂದು ಆ ನಲ್ಲಿಗೆ ಹೊಂಬಣ್ಣ ಬಳಿಯುವ ಪದ್ಧತಿಯಿದೆ.

ವರ್ತಕರ ಕೇರಿಗೆ ಹೊಂದಿಕೊಂಡೇ ಇರುವ ಚೀನೀಯರ ಕೇರಿಯು ಆ ಬೆಂಕಿಯಲ್ಲಿ ಸಂಪೂರ್ಣವಾಗಿ ಸುಟ್ಟುಹೋಯಿತು. ಬೂದಿ ಆರುವ ಮೊದಲೇ ನಗರದ ಮುಖಂಡರು ಚೀನೀಯರನ್ನು ಆಗ್ನೇಯದ ಹಂಟರ್ಸ್ ಪಾಯಿಂಟ್ ಎಂಬ ದೂರದ ಮೂಲೆಗೆ ಸಾಗಿಸುವ ಯೋಜನೆಯನ್ನು ಹೂಡಿದರು. 1882ರ ಶಾಸನವು ಚೀನೀ ಕೂಲಿಗಾರರು ದೇಶದೊಳಗೆ ಬರುವುದನ್ನೇ ನಿಷೇಧಿಸಿತ್ತು. ಅವರಿಗೆ ಪೌರತ್ವವೂ ದೊರೆಯುವಂತಿರಲಿಲ್ಲ. ಆದರೂ ಅವರು ಕದಲಲಿಲ್ಲ. ಚೀನಾ ಸರಕಾರದ ಪ್ರತಿನಿಧಿಗಳು ತಮ್ಮ ಕಚೇರಿಯನ್ನು ಹಳೆಯ ಸ್ಥಳದಲ್ಲಿಯೇ ಕಟ್ಟುವುದಾಗಿ ಸಾರಿದರು. ಬಾಡಿಗೆ ತಪ್ಪುವುದೆಂದು ಬಿಳಿಯ ಭೂಮಾಲಿಕರೂ, ಪೂರ್ವದೇಶಗಳ ವ್ಯಾಪಾರವು ಬೇರೆ ರೇವಿಗೆ ಹೋಗುವುದೆಂದು ವರ್ತಕರೂ ಚಿಂತಿಸಿದರು. ಲುಕ್ ಟಿನ್ ಎಲಿ ಎಂಬ ವ್ಯಾಪಾರಿಯೂ ಅವನ ಸಂಗಡಿಗರೂ ಅಮೇರಿಕನ್ ಶಿಲ್ಪಿಗಳನ್ನು ನೇಮಿಸಿ, ಬಾಗಿದ ಸೂರುಗಳೂ ಗೋಪುರಗಳೂ ಉಳ್ಳ ಮಳಿಗೆಗಳನ್ನು ಎಬ್ಬಿಸಿದರು. ಯಾತ್ರಿಕರು ಇಂದು ಪುರಾತನ ಚೀನಾದ ಪಡಿಯಚ್ಚೆಂದು ಬೆರಗುಪಡುವ ಆ ಸೂರುಗಳು ವಾಸ್ತವವಾಗಿ ಈ ನೆಲದಲ್ಲಿ ಉಳಿಯುವುದಕ್ಕಾಗಿ ಹೂಡಿದ ಜಾಣತನದ ಫಲಗಳು.

ಜಪಾನೀಯರ ಪಾಡು ಬೇರೆಯಾಯಿತು. ಭೂಕಂಪದ ತರುವಾಯ ಅವರು ಪಶ್ಚಿಮದ ಫಿಲ್ಮೋರ್ ಬೀದಿಯ ಆಸುಪಾಸಿನಲ್ಲಿ ನೆಲೆಸಿ ಅಂಗಡಿಗಳನ್ನೂ ದೇವಾಲಯಗಳನ್ನೂ ಕಟ್ಟಿಕೊಂಡಿದ್ದರು. 1942ರಲ್ಲಿ, ಯುದ್ಧದ ಭೀತಿಯಿಂದ ಹೊರಟ ಸರಕಾರದ ಆಜ್ಞೆಯಂತೆ, ಪಶ್ಚಿಮ ತೀರದ ಲಕ್ಷಕ್ಕೂ ಮಿಕ್ಕಿದ ಜಪಾನೀ ಮೂಲದವರನ್ನು ಬಂದಿಶಿಬಿರಗಳಿಗೆ ಅಟ್ಟಿದರು; ಅವರಲ್ಲಿ ಬಹುಮಂದಿ ಅಮೇರಿಕದಲ್ಲಿಯೇ ಹುಟ್ಟಿದ ಪೌರರು. ಈ ನಗರದವರಲ್ಲಿ ಅನೇಕರು ಮೊದಲು ಜೂಜಿನ ಕುದುರೆಗಳ ಲಾಯದಲ್ಲಿಯೂ ಅನಂತರ ಯೂಟಾ ಮರುಭೂಮಿಯಲ್ಲಿಯೂ ದಿನಗಳೆದರು. ಬರಿದಾದ ಮನೆಗಳಿಗೆ ಹಡಗುಕಟ್ಟೆಗಳ ಕೆಲಸಕ್ಕಾಗಿ ದಕ್ಷಿಣ ಸೀಮೆಯಿಂದ ಬಂದ ಕರಿಯ ಜನರು ಸೇರಿದರು. ಅವರ ಜಾಝ್ ಸಂಗೀತದಿಂದ ಫಿಲ್ಮೋರ್ ಬೀದಿಯು ಕೀರ್ತಿ ಪಡೆಯಿತು. 1950 ಮತ್ತು 60ರ ದಶಕಗಳಲ್ಲಿ ‘ಪುನರುದ್ಧಾರ’ವೆಂಬ ಹೆಸರಿನಿಂದ ನಗರವು ಆ ಮನೆಗಳನ್ನೂ ಕೆಡವಿಸಿತು. ಹೊರಟವರಲ್ಲಿ ಹೆಚ್ಚಿನವರು ಮರಳಲಿಲ್ಲ. 1968ರಲ್ಲಿ ನಿಂತ ಶಾಂತಿಸ್ತೂಪವು ಇಂದು ಅಲ್ಲಿಯ ಪ್ರೇಕ್ಷಣೀಯ ಸ್ಥಾನ. ಅದನ್ನು ನೋಡುವವರು ಸುತ್ತಲಿನ ಅಗಲವಾದ ಹೊಸ ಹಾದಿಗಳನ್ನೂ ನೋಡತಕ್ಕದ್ದು.

ಅಲ್ಲಿಂದ ದಕ್ಷಿಣಕ್ಕಿರುವ ಪೌರಕೇಂದ್ರದಲ್ಲಿ 1915ರಲ್ಲಿ ಕಟ್ಟಿದ ನಗರಭವನದ ಗುಮ್ಮಟವೂ, ಅದರೆದುರಿಗೆ ಯುದ್ಧಸ್ಮಾರಕ ಭವನಗಳೂ ಇವೆ. ಈ ಸ್ಮಾರಕ ಭವನಗಳಲ್ಲೊಂದರಲ್ಲಿ 1945ರ ಜೂನ್ 26ರಂದು ಸಂಯುಕ್ತ ರಾಷ್ಟ್ರಸಂಘದ ಸನ್ನದಿಗೆ ಸಹಿಗಳಾದವು. ಪರಾಧೀನ ಭಾರತದ ನಿಯೋಗದ ನಾಯಕರಾಗಿ ಸಹಿಮಾಡಿದ ಸರ್ ಎ. ರಾಮಸ್ವಾಮಿ ಮುದಲಿಯಾರರು ಮರುವರ್ಷವೇ ಮೈಸೂರಿನ ದಿವಾನರಾಗಿ, ಆ ಪದವಿಯನ್ನು ವಹಿಸಿದವರಲ್ಲಿ ಕಡೆಯವರಾದರು. ಅದೇ ಸಮಯದಲ್ಲಿ ವಿಜಯಲಕ್ಷ್ಮೀ ಪಂಡಿತರು ಸಮ್ಮೇಳನದ ಹೊರಗೆ ನಿಂತು ಸ್ವತಂತ್ರ ಭಾರತದ ಪರವಾಗಿ ವಾದಿಸಿದರು. ಅದಕ್ಕೂ ಬಹು ಮುಂಚೆ, 1913ರಲ್ಲಿ, ಲಾಲಾ ಹರದಯಾಳರ ಗದರ್ ಪತ್ರಿಕೆಯು ಈ ನಗರದಿಂದಲೇ ಹೊರಟಿತ್ತು.

ಪೌರಕೇಂದ್ರದಿಂದ ಕಡಲಂಚಿಗೆ ಮರಳುವವರಿಗೆ ಹಗ್ಗದ ಬಂಡಿಯು ಉಚಿತವಾದ ವಾಹನ. 1873ರಲ್ಲಿ ಆಂಡ್ರ್ಯೂ ಹ್ಯಾಲಿಡಿಯು ಮೊದಲು ಓಡಿಸಿದ ಈ ಬಂಡಿಗಳಿಗೆ ಸ್ವಂತ ಯಂತ್ರವಿಲ್ಲ. ಬೀದಿಯ ಕೆಳಗೆ ಎಡೆಬಿಡದೆ ಹರಿಯುವ ಉಕ್ಕಿನ ಹಗ್ಗವನ್ನು ಚಾಲಕನು ಇಕ್ಕುಳದಿಂದ ಹಿಡಿದಾಗ ಬಂಡಿಯು ಗುಡ್ಡವನ್ನೇರುವುದು. 1947ರಲ್ಲಿ ನಗರಾಧ್ಯಕ್ಷರು ಇವುಗಳನ್ನು ನಿಲ್ಲಿಸಹೊರಟಾಗ ಫ್ರೀಡೆಲ್ ಕ್ಲಸ್‌ಮನ್ ಎಂಬ ಮಹಿಳೆಯು ಸ್ತ್ರೀಸಂಘಗಳನ್ನು ಕೂಡಿಸಿ, ಪೌರರ ಮತದಿಂದ ಅವುಗಳನ್ನು ಉಳಿಸಿಕೊಂಡಳು. ಕ್ಯಾಲಿಫೋರ್ನಿಯಾ ಬೀದಿಯ ಬಂಡಿಯು ಚೀನೀಯರ ಕೇರಿಯನ್ನು ಹಾದು ಕಡಲ ಸಮೀಪಕ್ಕೆ ಇಳಿಯುವುದು. 1898ರ ದೋಣಿನಿಲ್ದಾಣದ ಗೋಪುರವು ಅಲ್ಲಿಂದ ನಿಚ್ಚಳವಾಗಿ ತೋರುವುದು. ಹಿಂದೆ ಅದರ ಮುಂದೆಯೇ ಎರಡಂತಸ್ತಿನ ಹೆದ್ದಾರಿಯೊಂದು ಅಡ್ಡನಿಂತಿತ್ತು. 1989ರ ಭೂಕಂಪವು ಅದನ್ನು ಬಿರಿಯಿಸಿತು; 1991ರಲ್ಲಿ ನಗರವು ಅದನ್ನು ಕೆಡವಿತು. ಮೂರು ದಶಕಗಳ ಮೇಲೆ ಬೀದಿಯಲ್ಲಿ ನಡೆಯುವವರಿಗೆ ಕೊಲ್ಲಿಯ ನೀರು ಮತ್ತೆ ಕಾಣಿಸಿತು.